ಭೃಂಗಿಯ ಹೊಸತೊಡಕು

ಕೊಣನೂರಿನ ಪೇಟೆ ಬೀದಿಯಲ್ಲಿ ರುದ್ರಯ್ಯನವರ ಅಂಗಡಿ ಎಲ್ಲಿ ಎಂದು ಕೇಳಿದರೆ, ಕರ್ಪೂರದ ವಾಸನೆ ಹಿಡಿದುಕೊಂಡು ಹೋಗಿ ಎನ್ನುತ್ತಾರೆ. ಅಪ್ಪನ ಕಾಲದಿಂದ ಬಂದ ಗ್ರಂಧಿಗೆ ಅಂಗಡಿ ಅದು. ಅರಿಸಿನ, ಕುಂಕುಮ, ವಿಭೂತಿ ಉಂಡೆ, ಊದುಬತ್ತಿ, ಮಕ್ಕಳಿಗೆ ತೇದು ಹಾಕುವ ಬಜೆ, ಓಮಕಾಳು, ಹಿಪ್ಪಲಿ ಎಲ್ಲವೂ ಅಲ್ಲಿ ಸಿಗುತ್ತವೆ. ಸಾಮಾನಿನ ಜೊತೆಗೆ ರುದ್ರಯ್ಯನವರ ಉಪದೇಶವೂ ಸಿಗುತ್ತದೆ. ಅದು ಪುಕ್ಕಟೆ, ಬೇಡವೆಂದರೂ ಕೊಡುತ್ತಾರೆ. ಮಗುವಿನ ಹೊಟ್ಟೆನೋವಿಗೆ ಓಮಕಾಳು ಕೇಳಿಕೊಂಡು ಬಂದ ಹೆಂಗಸು, ತನ್ನ ಅತ್ತೆಯ ಮಂಡಿನೋವಿಗೂ ಮೈದುನನ ಸೋಮಾರಿತನಕ್ಕೂ ಮದ್ದು ತಿಳಿದುಕೊಂಡೇ ಮೆಟ್ಟಿಲಿಳಿಯಬೇಕು.

ಕೆಟ್ಟ ಮನುಷ್ಯರಲ್ಲ, ಹಾಗೆಂದವರೂ ಯಾರೂ ಇಲ್ಲ. ತೂಕದಲ್ಲಿ ಒಂದು ಚಿಟಿಕೆ ಹೆಚ್ಚೇ ಹಾಕುವ ಕೈ. ಆದರೆ ತಮ್ಮದು ಎಂದ ಮೇಲೆ ಅದು ಎಲ್ಲಕ್ಕಿಂತ ಮೇಲು ಎಂದು ಸಾರದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ತಮ್ಮ ಅಂಗಡಿಯ ಕುಂಕುಮ, ತಮ್ಮ ಹಿತ್ತಿಲಿನ ಕರಿಬೇವು, ಹೊಳೆನರಸೀಪುರದಿಂದ ತಂದುಕೊಂಡ ತಮ್ಮ ಹೆಂಡತಿ ಪ್ರೇಮಕುಮಾರಿಯ ಕೈರುಚಿ, ಹೀಗೆ ಸಾಲು ಬೆಳೆಯುತ್ತಿತ್ತು. ಆ ಸಾಲಿನ ತುದಿಗೆ ಕೆಲವು ವರ್ಷಗಳ ಹಿಂದೆ ಭೃಂಗಿ ಬಂದು ಸೇರಿಕೊಂಡಿತು.

ಭೃಂಗಿ ಎಂದರೆ ಕಂದು ಬಣ್ಣದ ಊರ ನಾಯಿ. ಶ್ರಾವಣದ ಒಂದು ಸೋಮವಾರ, ಗಿರಾಕಿಗಳ ಕಾಲುಗಳ ನಡುವೆ ನುಸುಳಿ ಬಂದು ತಕ್ಕಡಿ ಮೇಜಿನ ಕೆಳಗೆ ಮುದುಡಿಕೊಂಡ ಮರಿ. ಎಲುಬು ಚರ್ಮ ಬಿಟ್ಟರೆ ಅದರ ಮೈಮೇಲೆ ಇನ್ನೇನೂ ಇರಲಿಲ್ಲ. ಶಿವನ ಗಣದಲ್ಲಿ ಎಲುಬಿನ ಹಂದರವಾಗಿ ನಿಂತ ಭೃಂಗಿಯೇ ಕಣ್ಣಮುಂದೆ ಬಂದಂತಾಗಿ ರುದ್ರಯ್ಯ ಆ ಹೆಸರಿಟ್ಟರು. ಸೋಮವಾರವೇ ಬಂದದ್ದರಿಂದ ಅದನ್ನು ಕಳಿಸಿದವನು ಯಾರು ಎಂಬ ಬಗ್ಗೆಯೂ ಅವರಿಗೆ ಅನುಮಾನವಿರಲಿಲ್ಲ.

"ನಮ್ಮ ಭೃಂಗಿ ಬೆಳಿಗ್ಗೆ ಹಾಲನ್ನ, ಮಧ್ಯಾಹ್ನ ಮುದ್ದೆ ಮಜ್ಜಿಗೆ, ಸಾಯಂಕಾಲ ಒಂದು ರೊಟ್ಟಿ. ಬಾಡು ಅಂದ್ರೆ ಮೂತಿ ತಿರುಗಿಸ್ಬಿಡ್ತದೆ. ಸಂಸ್ಕಾರ ಕಣಯ್ಯ, ಸಂಸ್ಕಾರ!" ಎಂದು ಅವರು ಸಂತೆಯ ದಿನ ಅಂಗಡಿ ತುಂಬ ಜನ ಇದ್ದಾಗ ಹೇಳುತ್ತಿದ್ದರು. ಜನ ತಲೆಯಾಡಿಸುತ್ತಿದ್ದರು. ಬಾಡನ್ನು ಯಾರಾದರೂ ಅದರ ಮುಂದಿಟ್ಟು ನೋಡಿದ್ದೀರಾ ಎಂದು ಕೇಳುವ ಧೈರ್ಯ ಮಾತ್ರ ಯಾರೂ ಮಾಡಲಿಲ್ಲ.

"ನಾಯಿಗೆ ಸಂಸ್ಕಾರ ಬಂತು, ಸರಿ. ಕೂತಲ್ಲೇ ಕಾಫಿ ಲೋಟ ಬಿಟ್ಟು ಏಳೋರಿಗೆ ಯಾವಾಗ ಬರ್ತದೆ?" ಎಂದು ಪ್ರೇಮಕುಮಾರಿ ಒಳಗಿನಿಂದ ಕೇಳುತ್ತಿದ್ದರು.

ಮನೆ ಅಂಗಡಿಯ ಹಿಂದೆಯೇ. ಅದರ ಪಕ್ಕಕ್ಕೆ, ಎದೆಯೆತ್ತರದ ಗೋಡೆಯ ಆಚೆ, ರಂಗಸ್ವಾಮಿಯ ಮನೆ. ಕಾಲುವೆ ಬಯಲಿನಲ್ಲಿ ಭತ್ತ, ಮೇಲಿನ ಹೊಲದಲ್ಲಿ ಹೊಗೆಸೊಪ್ಪು, ಮನೆಯ ಮುಂದೆ ಒಂದು ಹಳೆಯ ಓಮ್ನಿ ಇರುವ ಒಕ್ಕಲು ಮನೆತನ. ಅವನ ಹೆಂಡತಿಯ ಹೆಸರೇ ಚಿಕ್ಕಮ್ಮ. ಹಾಗಾಗಿ ಬೀದಿಯ ಮಕ್ಕಳಿಗೆಲ್ಲ ಆಕೆ ನಂಟಿಲ್ಲದೆಯೂ ಚಿಕ್ಕಮ್ಮನೇ. ಎರಡು ಮನೆಗಳ ನಡುವೆ ಗೋಡೆಯ ಮೇಲಿಂದ ದಿನವೂ ಏನಾದರೊಂದು ಓಡಾಡುತ್ತದೆ: ಈ ಕಡೆಯಿಂದ ಕರಿಬೇವು, ಆ ಕಡೆಯಿಂದ ಅವರೆಕಾಯಿ, ಎರಡೂ ಕಡೆಯಿಂದ ಮಾತು.

ವರ್ಷಕ್ಕೆ ಒಂದು ದಿನ ಮಾತ್ರ ಏನೂ ಓಡಾಡುವುದಿಲ್ಲ. ಅದು ಹೊಸತೊಡಕು, ಯುಗಾದಿಯ ಮಾರನೆಯ ದಿನ. ಹಬ್ಬದಂದು ಒಬ್ಬಟ್ಟು ತಿಂದ ಮಾಂಸಾಹಾರಿಗಳೆಲ್ಲ ಅಂದು ಬಾಡೂಟ ಮಾಡುತ್ತಾರೆ. ಊರಿಗೆ ಊರೇ ಒಗ್ಗರಣೆಯ ಘಮದಲ್ಲಿ ತೇಲುತ್ತಿರುತ್ತದೆ. ಆ ದಿನ ಚಿಕ್ಕಮ್ಮ ರುದ್ರಯ್ಯನವರ ಕಡೆಗಿರುವ ಅಡುಗೆಮನೆ ಕಿಟಕಿಯನ್ನು ಬೆಳಗ್ಗೆಯೇ ಮುಚ್ಚಿ ಅಗುಳಿ ಹಾಕಿಬಿಡುತ್ತಾಳೆ. ವಾಸನೆ ಬಾಡು ಮುಟ್ಟದ ಆ ಮನೆಗೆ ಹೋಗಬಾರದಲ್ಲ! ಒಳಗೆ ಒಲೆಯ ಶಾಖಕ್ಕೆ ಅವಳೇ ಬೆಂದು ಹೋದರೂ ಕಿಟಕಿ ತೆಗೆಯುವುದಿಲ್ಲ. ಈ ಕಡೆ ರುದ್ರಯ್ಯ ಎಂದಿಗಿಂತ ನಾಲ್ಕು ಊದುಬತ್ತಿ ಹೆಚ್ಚು ಹಚ್ಚಿ, ತಮಗೆ ಏನೂ ಗೊತ್ತೇ ಆಗಿಲ್ಲವೆಂಬಂತೆ ಕುಳಿತಿರುತ್ತಾರೆ. ಯಾರೂ ಕೂತು ಮಾತಾಡಿ ಮಾಡಿಕೊಂಡ ಏರ್ಪಾಡಲ್ಲ ಇದು. ಹತ್ತಿರ ಬಾಳುವವರು ಒಬ್ಬರ ಮರ್ಯಾದೆಯನ್ನು ಒಬ್ಬರು ಹೀಗೆ ಕಾಯುತ್ತಿದ್ದರು.

ಈ ಸಲದ ಹೊಸತೊಡಕಿನ ದಿನ ಭೃಂಗಿ ಮಧ್ಯಾಹ್ನ ಅಂಗಡಿಯಲ್ಲಿ ಕಾಣಲಿಲ್ಲ. ಹೊತ್ತು ಇಳಿಯುವಾಗ ಬಂದು ಮೇಜಿನ ಕೆಳಗೆ ಮಲಗಿತು. ಸಾಯಂಕಾಲ ಹಾಕಿದ ರೊಟ್ಟಿ ಒಳಗೆ ಹೋದಷ್ಟೇ ಬೇಗ ಹೊರಗೆ ಬಂತು.

"ಗರಿಕೆ ತಿಂದಿರ್ಬೇಕು. ಹೊಟ್ಟೆ ತೊಳ್ಕೊತಾ ಅದೆ. ನಾಯಿ ಜಾತಿಗೆ ಅದೇ ವೈದ್ಯ," ಎಂದರು ರುದ್ರಯ್ಯ.

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾಯಿಗಳು ಆಗಾಗ ಹುಲ್ಲು ತಿನ್ನುತ್ತವೆ, ಹಳದಿ ನೀರು ಕಕ್ಕುತ್ತವೆ, ಮರುಕ್ಷಣ ಬಾಲ ಆಡಿಸಿಕೊಂಡು ಬೆಕ್ಕಿನ ಹಿಂದೆ ಓಡುತ್ತವೆ. ಆದರೆ ಭೃಂಗಿ ಯಾವ ಬೆಕ್ಕಿನ ಹಿಂದೆಯೂ ಓಡಲಿಲ್ಲ. ಮರುದಿನ ಬೆಳಿಗ್ಗೆ ಹಾಲನ್ನ ಹಾಕಿದರೆ ಎರಡು ತುತ್ತು ತಿಂದು, ಕತ್ತು ಮುಂದೆ ಚಾಚಿ, ಹಾಗೆಹಾಗೆಯೇ ನೆಲದ ಮೇಲೆ ಉಗುಳಿಬಿಟ್ಟಿತು. ಅನ್ನದ ಅಗುಳು ಅಗುಳಾಗಿಯೇ ಇತ್ತು. ಬಾಯಿಂದ ಜೊಲ್ಲು ನೂಲಿನಂತೆ ಇಳಿಯುತ್ತಿತ್ತು.

ಅಂಗಡಿಗೆ ಬಂದ ಗಿರಾಕಿಯೊಬ್ಬ ನೋಡಿ, "ನಮ್ ಬೀದಿ ನಾಯ್ಗೊಳೂ ಇವತ್ತು ಇಂಗೇ ಕಣಣ್ಣ. ನಿನ್ನೆ ಬಾಡು ಜಾಸ್ತಿ ಆಗದೆ ಎಲ್ಲಕ್ಕೂವೆ," ಎಂದು ನಕ್ಕ.

ರುದ್ರಯ್ಯನವರಿಗೆ ರೇಗಿತು. "ಅದು ಬಾಡು ತಿನ್ನೋ ನಾಯಿಗಳ ಕತೆ. ನಮ್ಮದು ಬೇರೆ," ಎಂದು ಅವನಿಗೆ ಕರ್ಪೂರ ಕಟ್ಟಿಕೊಟ್ಟು ಕಳಿಸಿದರು. ಆಮೇಲೆ ಓಮಕಾಳು ಕುದಿಸಿ ಆರಿಸಿದ ನೀರು ತಂದಿಟ್ಟರು. ಅದೂ ಕುಡಿದ ಕೂಡಲೇ ವಾಪಸು ಬಂತು. ಬಜೆ ತೇದು ತಂದರೆ ಭೃಂಗಿ ಬಾಯನ್ನೇ ತೆರೆಯಲಿಲ್ಲ. ಕೊನೆಗೆ ಹಣೆಗೆ ವಿಭೂತಿ ಹಚ್ಚಿದರು. ವಿಭೂತಿ ಹಚ್ಚಿಕೊಂಡ ನಾಯಿ ಅವರ ಮುಖವನ್ನೇ ನೋಡುತ್ತ ಕೂತಿತು. ಅಂಗಡಿಯಲ್ಲಿದ್ದ ಮದ್ದೆಲ್ಲ ಮುಗಿದಿತ್ತು, ಅವರಿಗೆ ಹೆದರಿಕೆಯಾಗಿತ್ತು.

"ನೀರೂ ನಿಲ್ತಿಲ್ಲ ಅಂದ್ರೆ ಇನ್ನೇನು ಕಾಯ್ತೀರಿ? ಎತ್ಕೊಂಡು ಆಸ್ಪತ್ರೆಗೆ ನಡೀರಿ," ಎಂದರು ಪ್ರೇಮಕುಮಾರಿ.

ಊರಿನ ಪಶು ಆಸ್ಪತ್ರೆಯಲ್ಲಿದ್ದವರು ಡಾಕ್ಟರ್ ಯಶಸ್ವಿನಿ, ಚನ್ನರಾಯಪಟ್ಟಣದ ಕಡೆಯ ಹುಡುಗಿ. ಭೃಂಗಿಯ ತುಟಿ ಎತ್ತಿ ಒಸಡು ನೋಡಿದರು, ಕತ್ತಿನ ಚರ್ಮ ಎಳೆದು ಬಿಟ್ಟರು, ಹೊಟ್ಟೆ ಒತ್ತಿದರು. ಒಂದು ಬಟ್ಟಲಲ್ಲಿ ನೀರಿಟ್ಟು, ಅದು ಕುಡಿಯುವುದನ್ನೂ ಹೊರಹಾಕುವುದನ್ನೂ ಬಗ್ಗಿ ನೋಡಿದರು.

"ಇದು ವಾಂತಿ ಥರ ಕಾಣ್ತಿಲ್ಲ ಸರ್. ವಾಂತಿ ಆದ್ರೆ ಹೊಟ್ಟೆ ಕಿವುಚಿ ಕಿವುಚಿ ಬರುತ್ತೆ, ಅರ್ಧಂಬರ್ಧ ಜೀರ್ಣ ಆಗಿರುತ್ತೆ. ಇದು ಹೊಟ್ಟೆಗೆ ಇಳಿಯೋಕೆ ಮುಂಚೇನೇ ವಾಪಸ್ ಬರ್ತಿದೆ. ದಾರೀಲಿ ಏನೋ ಅಡ್ಡ ಕೂತಿರ್ಬೇಕು. ಮೂಳೆ ಏನಾದ್ರೂ ತಿಂತಾ?"

ರುದ್ರಯ್ಯ ಮೆಟ್ಟಿಬಿದ್ದರು. "ಮೂಳೇನಾ? ನಮ್ಮನೇಲಾ? ಏನಮ್ಮ ನೀವು ಕೇಳೋದು! ಈ ನಾಯಿ ಹುಟ್ಟಿದಾಗ್ಲಿಂದ ಬಾಡಿನ ಮುಖ ನೋಡಿಲ್ಲ!"

"ಬೇರೆ ಮನೆ ಕಡೆ ಹೋಗಿ..."

"ಹೋಗಲ್ಲ. ಹೋದ್ರೂ ತಿನ್ನಲ್ಲ."

ಡಾಕ್ಟರು ಬಟ್ಟೆ, ಚೆಂಡು, ಕರಟದ ಚೂರು ಎಂದು ಕೇಳುತ್ತಾ ಹೋದರು. ಎಲ್ಲಕ್ಕೂ ಇಲ್ಲ ಎಂಬುದೇ ಉತ್ತರ. ಅವರಿಗೆ ಸಮಾಧಾನವಾಗಲಿಲ್ಲ. "ನನಗೇನೋ ಹಾಸನಕ್ಕೆ ಹೋಗಿ ಎಕ್ಸ್‌ರೇ ತೆಗೆಸಿದ್ರೆ ಒಳ್ಳೇದು ಅನ್ಸುತ್ತೆ. ನೋಡಿ, ಒಂದು ಸಲ ಕಕ್ಕಿ ಆಡ್ಕೊಂಡಿರೋ ನಾಯೀನ ಸ್ವಲ್ಪ ಕಾದು ನೋಡ್ಬಹುದು. ಆದ್ರೆ ನೀರೂ ನಿಲ್ಲದೆ ಇದ್ರೆ, ರಕ್ತ ಬಂದ್ರೆ, ಓಕರಿಸಿ ಓಕರಿಸಿ ಏನೂ ಬರದೆ ಹೊಟ್ಟೆ ಉಬ್ಬಿದ್ರೆ, ಮಂಕಾಗಿ ಬಿದ್ಕೊಂಡ್ರೆ ಕಾಯೋ ಹಾಗೇ ಇಲ್ಲ. ಡ್ರಿಪ್ ಹಾಕಿ ಕಳಿಸ್ತೀನಿ. ಬಾಯಿಗೆ ಏನೂ ಹಾಕ್ಬೇಡಿ. ಒಳಗೆ ತಳ್ಳೋಣ ಅಂತ ಮುದ್ದೆ ಉಂಡೆ ನುಂಗಿಸೋಕೆ ಹೋಗ್ಬೇಡಿ. ಇವತ್ತೇ ಹಾಸನಕ್ಕೆ ಹೋಗಿ."

ರುದ್ರಯ್ಯ ನಾಯಿಯನ್ನು ಎತ್ತಿಕೊಂಡು ಮನೆಗೆ ಬಂದಾಗ ರಂಗಸ್ವಾಮಿ ಗೋಡೆಯ ಬಳಿಯೇ ನಿಂತಿದ್ದ. ಬೆಳಗಿನಿಂದ ಅವನು ಅಲ್ಲಿಗೆ ಬಂದು ಹೋಗುತ್ತಿದ್ದದ್ದು ಅದೆಷ್ಟನೆಯ ಸಲವೋ.

"ಏನಂದ್ರು ರುದ್ರಣ್ಣ ಡಾಕ್ಟ್ರು?"

"ಹಾಸನಕ್ಕೆ ಹೋಗಿ ಅಂದ್ರು. ಅದ್ಕಿಂತ ಮುಂಚೆ ಕೇಳಿದ್ದೇನು ಗೊತ್ತಾ? ಮೂಳೆ ತಿಂದಿದ್ಯಾ ಅಂತ! ನಮ್ಮ ಭೃಂಗೀನ!"

ರಂಗಸ್ವಾಮಿಯ ಮುಖ ಹಿಟ್ಟಿನಂತಾಯಿತು. ಅವನು ಒಳಗೆ ಹೋದ. ಚಿಕ್ಕಮ್ಮ ತಗ್ಗಿದ ದನಿಯಲ್ಲಿ ಅವನನ್ನು ಬಯ್ಯುತ್ತಿರುವುದು ಕೇಳಿಸಿತು, ಏನೆಂದು ತಿಳಿಯಲಿಲ್ಲ. ಮರುಗಳಿಗೆಗೆ ಅವನು ಓಮ್ನಿಯ ಬೀಗದ ಕೈ ಹಿಡಿದು ಹೊರಗಿದ್ದ.

"ಗಾಡಿ ಅತ್ತಿ ರುದ್ರಣ್ಣ. ಈಗ್ಲೇ ಓಗಾನ. ಬಸ್ಸುಗಿಸ್ಸು ಬ್ಯಾಡ."

ಎಂಥ ನೆರೆಯವನು ಎಂದು ರುದ್ರಯ್ಯನವರ ಕಣ್ಣು ತುಂಬಿ ಬಂತು. ಪ್ರೇಮಕುಮಾರಿ ಮಾತ್ರ ರಂಗಸ್ವಾಮಿಯ ಮುಖವನ್ನು ಒಂದು ಸಲ ನೋಡಿ, ಹಳೆಯ ಸೀರೆ ಮಡಿಸಿ ಹಿಂದಿನ ಸೀಟಿಗೆ ಹಾಸಿದರು.

ಓಮ್ನಿ ಅರಕಲಗೂಡಿನ ಕಡೆ ಹೊರಟಿತು. ಭೃಂಗಿ ರುದ್ರಯ್ಯನವರ ತೊಡೆಯ ಮೇಲೆ ತಲೆಯಿಟ್ಟಿತ್ತು. ಬಿಳಿ ಪಂಚೆಯೆಲ್ಲ ಜೊಲ್ಲಿನಲ್ಲಿ ತೋಯ್ದಿತ್ತು. ರಸ್ತೆಯಲ್ಲಿ ಹಂಪು ಸಿಕ್ಕಿದಲ್ಲೆಲ್ಲ ಅದು ಸಣ್ಣಗೆ ನರಳುತ್ತಿತ್ತು. ನರಳಿದಾಗಲೆಲ್ಲ ರಂಗಸ್ವಾಮಿ ಬೆಚ್ಚುತ್ತಿದ್ದ. ಅರಕಲಗೂಡಿನ ಬಸ್‌ಸ್ಟ್ಯಾಂಡ್ ದಾಟಿ ರಸ್ತೆ ಬರಿದಾದ ಮೇಲೆ ಅವನು ಕಣ್ಣನ್ನು ಮುಂದಕ್ಕೇ ನೆಟ್ಟುಕೊಂಡು ಬಾಯಿ ಬಿಟ್ಟ.

"ರುದ್ರಣ್ಣ, ಒಂದ್ ಮಾತು ಏಳ್ಬೇಕು. ಕೆಳಕ್ಕಿಳ್ಸಿ ಒಡೀರಿ ಬೇಕಾದ್ರೆ. ಅದು ನುಂಗಿರಾದು ಮೂಳೇನೇ ಕಣ. ನಾನೇ ಆಕಿದ್ದು."

ರುದ್ರಯ್ಯನವರಿಗೆ ಮೊದಲು ಅರ್ಥವೇ ಆಗಲಿಲ್ಲ.

"ನಿನ್ನೆ ನೆಂಟ್ರು ಜಾಸ್ತಿ ಇದ್ರು. ಯಾವಾಗ್ಲೂ ಚಿಕ್ಕಮ್ಮ ಮೂಳೆ ಬಿಡ್ಸಿ ಆಕ್ತಿದ್ಲು. ನಿನ್ನೆ ಅವ್ಳಿಗೆ ಕೈ ಬಿಡುವಿರ್ನಿಲ್ಲ. ಉಂಡ ಎಲೆ ಎತ್ತುವಾಗ ನಾನೇ ಒಂದ್ ಕುರಿ ಮೂಳೆ ತುಂಡು ಎಸ್ದೆ. ಅಗೀತದೆ ಅನ್ಕಂಡೆ. ಅಗೀನೇ ಇಲ್ಲ ಕಣಣ್ಣ. ಮುದ್ದೆ ನುಂಗ್ದಂಗೆ ನುಂಗ್ಬುಡ್ತು."

ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ನಮ್ಮ ಕಡೆ ಮಕ್ಕಳಿಗೆ ಮೊದಲು ಕಲಿಸುವ ವಿದ್ಯೆ ಅದೇ. ರುದ್ರಯ್ಯ ಅದನ್ನು ಭೃಂಗಿಗೂ ಕಲಿಸಿದ್ದರು, ಉಂಡೆ ಕಟ್ಟಿ, ಮಜ್ಜಿಗೆಯಲ್ಲಿ ಅದ್ದಿ, ಒಂದೊಂದಾಗಿ ಬಾಯಿಗೆ ಎಸೆದು. ಹಾಗೆ ಬೆಳೆದ ನಾಯಿ ಬಾಯಿಗೆ ಬಂದದ್ದೆಲ್ಲ ಮುದ್ದೆಯೆಂದುಕೊಂಡರೆ ಅದರ ತಪ್ಪೇನು?

"ಯಾವಾಗ್ಲೂ ಅಂದ್ಯಲ್ಲ," ಎಂದರು ರುದ್ರಯ್ಯ. "ಯಾವಾಗ್ಲೂ ಅಂದ್ರೆ ಯಾವಾಗಿಂದ?"

"ಮರಿ ಇದ್ದಾಗ್ನಿಂದ್ಲೂವೆ," ಎಂದ ರಂಗಸ್ವಾಮಿ, ಸ್ಟೇರಿಂಗಿಗೇ ಹೇಳುವಂತೆ. "ನಿಮ್ಮನೇಲಿ ಉಂಡು ಸೀದಾ ನಮ್ಮನೆಗೆ ಬತ್ತಿತ್ತು. ಬಾಕ್ಲಿಗೆ ಬಂದುದ್ನ ಅಟ್ಟಾಕೆ ಮನ್ಸು ಬರ್ನಿಲ್ಲ. ನಿಮ್ಗೆ ಏಳಾಕೂ ಬಾಯಿ ಬರ್ನಿಲ್ಲ. ನೀವು ಅಂಗಡೀಲಿ ಅದುನ್ನ ಅಷ್ಟೊಂದು ಒಗಳ್ತಿದ್ರಲ್ಲ, ಎಂಗೆ ಏಳ್ಲಿ?"

ರುದ್ರಯ್ಯನವರ ಕಿವಿ ಬಿಸಿಯಾಯಿತು. ಸಂಸ್ಕಾರ ಎಂದಾಗಲೆಲ್ಲ ಮೀಸೆಯಲ್ಲಿ ನಕ್ಕು ತಲೆಯಾಡಿಸಿದ ಗಿರಾಕಿಗಳ ಮುಖಗಳು ಒಂದೊಂದಾಗಿ ಕಣ್ಣಮುಂದೆ ಬಂದವು. ಹಾಗಾದರೆ ಬೀದಿಗೆಲ್ಲ ಗೊತ್ತಿತ್ತು, ಗೊತ್ತಿಲ್ಲದಿದ್ದದ್ದು ತಮಗೊಬ್ಬರಿಗೇ! ರಂಗಸ್ವಾಮಿಯ ಮೇಲೆ ಸಿಟ್ಟು ಬಂತು. ನಿನ್ನೆಯೇ ಹೇಳಿದ್ದರೆ ಇಷ್ಟು ಹೊತ್ತಿಗೆ ಆ ಮೂಳೆ ಹೊರಗಿರುತ್ತಿತ್ತು. ಬಯ್ಯಲೆಂದು ಬಾಯಿ ತೆರೆದರು. ಅಷ್ಟರಲ್ಲಿ, ಮೂಳೆಯಾ ಎಂದು ಡಾಕ್ಟರು ಕೇಳಿದಾಗ ತಾವು ಕೂಗಾಡಿದ್ದು ನೆನಪಾಯಿತು. ನಾಯಿಯ ಬೆನ್ನ ಮೇಲೆ ಕೈಯಾಡಿಸುತ್ತ, "ಸ್ವಲ್ಪ ಜೋರಾಗಿ ಹೊಡಿ ಗಾಡೀನ," ಎಂದಷ್ಟೇ ಹೇಳಿದರು.

ಹಾಸನದ ಆಸ್ಪತ್ರೆಯಲ್ಲಿ ಬೆಂಚುಗಳು ತುಂಬಿದ್ದವು. ಅವರ ಗ್ರಹಚಾರಕ್ಕೆ ಅಲ್ಲಿ ದುದ್ದದ ಪರಮೇಶ್ ಕೂತಿದ್ದರು, ತೊಡೆಯ ಮೇಲೆ ಬಿಳಿ ಪೊಮೆರೇನಿಯನ್ ಇಟ್ಟುಕೊಂಡು. ರುದ್ರಯ್ಯನವರ ದೂರದ ನೆಂಟರು. ಹೋದ ವರ್ಷ ಒಂದು ಮದುವೆಯ ಪಂಕ್ತಿಯಲ್ಲಿ ಪಾಯಸದಿಂದ ಮಜ್ಜಿಗೆಯವರೆಗೆ ಭೃಂಗಿಯ ಸಂಸ್ಕಾರದ ಕತೆ ಕೇಳಿದವರು.

"ಓಹೋ, ರುದ್ರಯ್ಯನೋರು! ಇದೇನಾ ನಿಮ್ಮ ಭೃಂಗಿ?" ಎಂದು ಪರಮೇಶ್ ಅಕ್ಕಪಕ್ಕದವರ ಕಡೆ ತಿರುಗಿದರು. "ನೋಡ್ರೀ, ಈ ನಾಯಿ ಮೊಟ್ಟೇನೂ ಮುಟ್ಟಲ್ವಂತೆ. ನಮ್ಮದೂ ಇದೆ, ಕೋಳಿ ಇಲ್ದಿದ್ರೆ ತಟ್ಟೆ ಕಡೆ ತಿರುಗಿ ನೋಡಲ್ಲ."

ಬೆಂಚಿನವರೆಲ್ಲ ಭಕ್ತಿಯಿಂದ ಭೃಂಗಿಯನ್ನು ನೋಡಿದರು. ಹಣೆಯ ಮೇಲಿನ ವಿಭೂತಿ ಇನ್ನೂ ಅಳಿಸಿರಲಿಲ್ಲ. ಅಷ್ಟರಲ್ಲಿ ಡಾಕ್ಟರು ಬಾಗಿಲಿಗೆ ಬಂದು, ನಾಯಿ ಜೊಲ್ಲು ಸುರಿಸುತ್ತಿರುವುದನ್ನು ನೋಡಿ, ಅಲ್ಲಿಂದಲೇ ಕೇಳಿದರು: "ಯಾವಾಗಿಂದ ಹೀಗೆ? ಏನು ತಿಂದಿದೆ?"

ರಂಗಸ್ವಾಮಿ ಮುಂದೆ ಬಂದ. "ಸಾ, ತಪ್ಪು ನಂದು..."

ರುದ್ರಯ್ಯ ಭುಜ ಅಡ್ಡ ಕೊಟ್ಟು ಅವನನ್ನು ನಿಲ್ಲಿಸಿದರು. ಮೆಲ್ಲಗೆ, ಒಳಗೆ ಹೋಗಿ ಹೇಳಬಹುದಿತ್ತು. ಆದರೆ ತೋಳಿನಲ್ಲಿದ್ದ ಜೀವ ಆಗ ಮತ್ತೊಮ್ಮೆ ಕತ್ತು ಚಾಚಿ ನರಳಿತು. ಇನ್ನು ಒಂದು ಗಳಿಗೆಯೂ ಕಾಯುವುದು ಅವರಿಂದಾಗಲಿಲ್ಲ.

"ಮೂಳೆ ನುಂಗಿದೆ ಡಾಕ್ಟ್ರೇ. ಕುರಿ ಮೂಳೆ. ನಿನ್ನೆ ಮಧ್ಯಾಹ್ನ," ಎಂದರು, ಅಂಗಡಿಯಲ್ಲಿ ಉಪದೇಶ ಮಾಡುವ ಅದೇ ದೊಡ್ಡ ದನಿಯಲ್ಲಿ. "ನಮ್ಮ ನಾಯಿ ಬಾಡು ತಿನ್ತದೆ. ಮರಿಯಾಗಿದ್ದಾಗ್ಲಿಂದ ತಿನ್ತದೆ."

ಪರಮೇಶ್ ತಮ್ಮ ಪೊಮೆರೇನಿಯನ್ನಿನ ಕಿವಿ ಸವರತೊಡಗಿದರು.

ಡಾಕ್ಟರು ಮಾತ್ರ ಕಣ್ಣು ಅರಳಿಸಿ, "ಸರಿಯಾಗಿ ಹೇಳಿದ್ರಿ. ಬನ್ನಿ, ಬನ್ನಿ," ಎಂದು ಭೃಂಗಿಯನ್ನು ಸೀದಾ ಎಕ್ಸ್‌ರೇಗೆ ಕರೆದುಕೊಂಡು ಹೋದರು. ಎದೆಯ ಹತ್ತಿರ, ಅನ್ನನಾಳದಲ್ಲಿ, ಬೆಳ್ಳಗೆ ಕೂತಿತ್ತು ಹೊಸತೊಡಕಿನ ತುಂಡು. ಮಂಪರು ಕೊಟ್ಟು, ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ, ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಈಚೆಗೆ ತೆಗೆದರು. ಹೊರಗೆ ರುದ್ರಯ್ಯ ಮತ್ತು ರಂಗಸ್ವಾಮಿ ಒಂದೇ ಬೆಂಚಿನ ಮೇಲೆ, ಒಬ್ಬರ ಭುಜಕ್ಕೆ ಒಬ್ಬರು ತಾಗಿಕೊಂಡು ಕೂತಿದ್ದರು. ರುದ್ರಯ್ಯ ಶಿವನಾಮ ಹೇಳುತ್ತಿದ್ದರು. ರಂಗಸ್ವಾಮಿ ತಮ್ಮ ಮನೆದೇವರಾದ ರಂಗನಾಥನಿಗೆ ಏನೇನೋ ಹರಕೆ ಹೊರುತ್ತಿದ್ದ.

"ನಾಳೆವರೆಗೆ ಬಿಟ್ಟಿದ್ರೆ ಅನ್ನನಾಳ ತೂತಾಗೋ ಸಾಧ್ಯತೆ ಇತ್ತು," ಎಂದರು ಡಾಕ್ಟರು, ಮೂಳೆಯನ್ನು ಒಂದು ತಟ್ಟೆಯಲ್ಲಿಟ್ಟು ತೋರಿಸುತ್ತ. "ಏನು ತಿಂತು ಅಂತ ನೀವು ಹೇಳಿದ್ದಕ್ಕೆ ಇಷ್ಟು ಬೇಗ ಆಯ್ತು. ಎಷ್ಟೋ ಜನ ನಾಚ್ಕೊಂಡು ಹೇಳೋದೇ ಇಲ್ಲ. ಕೆಲವು ದಿನ ಮೆತ್ತಗಿರೋ ಗಂಜಿ ಕೊಡಿ. ಮೂಳೆ, ಕೊಬ್ಬು, ಖಾರ ಮಸಾಲೆ ಯಾವತ್ತೂ ಬೇಡ. ಈರುಳ್ಳಿ ಬೆಳ್ಳುಳ್ಳಿ ಅಂತೂ ನಾಯಿಗೆ ವಿಷ."

ರುದ್ರಯ್ಯ ತಟ್ಟೆಯನ್ನು ನೋಡಿದರು. ಬದುಕಿನಲ್ಲಿ ಅವರು ಇಷ್ಟು ಹತ್ತಿರದಿಂದ ಅಂಥದ್ದನ್ನು ನೋಡಿದವರಲ್ಲ. ಆಮೇಲೆ ಮೇಜಿನ ಮೇಲೆ ಮಲಗಿದ್ದ ಭೃಂಗಿಯನ್ನು ನೋಡಿದರು. ಮಂಪರು ಇಳಿಯುತ್ತಿತ್ತು, ಅವರ ದನಿ ಕೇಳಿ ಬಾಲದ ತುದಿ ಒಂದು ಸಲ ಅಲ್ಲಾಡಿತು.

"ಡಾಕ್ಟ್ರೇ," ಎಂದರು ಅವರು. "ಮೂಳೆ ಇಲ್ದೆ, ಮಸಾಲೆ ಇಲ್ದೆ, ಬರೀ ಬೇಯ್ಸಿದ್ದು ಆದ್ರೆ? ಗುಣ ಆದ್ಮೇಲೆ?"

ರಂಗಸ್ವಾಮಿ ತಾನು ಕೇಳಿದ್ದು ನಿಜವೋ ಎಂದು ಅವರನ್ನೇ ನೋಡಿದ.

"ಧಾರಾಳವಾಗಿ," ಎಂದರು ಡಾಕ್ಟರು.

ವಾಪಸು ಬರುವಾಗ ರುದ್ರಯ್ಯ ಮುಂದಿನ ಸೀಟಿನಲ್ಲಿ ಕೂತಿದ್ದರು. "ನಿನ್ನ ಮೇಲೆ ಸಿಟ್ಟು ಬಂದಿತ್ತು ಕಣಯ್ಯ," ಎಂದರು. "ಈಗಿಲ್ಲ. ನನ್ನ ಬಾಯಿಗೆ ಹೆದರಿಕೊಂಡಲ್ವಾ ನೀನು ಮುಚ್ಚಿಟ್ಟಿದ್ದು? ಪಕ್ಕದ ಮನೆಯೋನು ಹೆದರೋ ಹಂಗೆ ನಾನಿರಬಾರ್ದಿತ್ತು." ರಂಗಸ್ವಾಮಿ ಹಾರನ್ ಬಾರಿಸಿದ, ರಸ್ತೆಯಲ್ಲಿ ಯಾರೂ ಇರಲಿಲ್ಲ.

ಮನೆಯಲ್ಲಿ ಪ್ರೇಮಕುಮಾರಿ ಕತೆಯೆಲ್ಲ ಕೇಳಿ, "ಅದು ಆ ಮನೇಲಿ ಉಣ್ಣೋದು ನಂಗೂ ಗೊತ್ತಿತ್ತು. ಮೂಳೆ ವಿಷ್ಯ ಗೊತ್ತಿರ್ಲಿಲ್ಲ," ಎಂದರು. ಆ ದಿನ ರುದ್ರಯ್ಯ ತಾವು ಕುಡಿದ ಕಾಫಿ ಲೋಟವನ್ನು ತಾವೇ ತೊಳೆದಿಟ್ಟರು ಎಂದು ಆಕೆ ಈಗಲೂ ಎಲ್ಲರಿಗೂ ಹೇಳುತ್ತಾರೆ.

ಮುಂದಿನ ಯುಗಾದಿ ಬಂತು, ಮಾರನೆಯ ದಿನ ಹೊಸತೊಡಕೂ ಬಂತು. ಚಿಕ್ಕಮ್ಮ ಎಂದಿನಂತೆ ಬೆಳಿಗ್ಗೆ ಕಿಟಕಿ ಮುಚ್ಚಲು ಕೈ ಚಾಚಿದಳು.

"ಬಿಡಮ್ಮ ಚಿಕ್ಕಮ್ಮ, ಅದ್ಯಾಕೆ ಒಳಗೆ ಬೇಯ್ತೀಯ? ತೆಗ್ದೇ ಇರ್ಲಿ," ಎಂದ ದನಿ ಗೋಡೆಯ ಆಚೆಯಿಂದ ಬಂತು.

ನೋಡಿದರೆ ರುದ್ರಯ್ಯ. ಮೂಗಿನ ಹತ್ತಿರ ಒಂದು ಊದುಬತ್ತಿ ಹಿಡಿದುಕೊಂಡು ನಿಂತಿದ್ದರು. ಇನ್ನೊಂದು ಕೈಯಲ್ಲಿ ಭೃಂಗಿಯ ಸ್ಟೀಲ್ ಬಟ್ಟಲು. ಅದನ್ನು ಗೋಡೆಯ ಮೇಲಿಟ್ಟರು. ಒಲೆಯ ಮೂಲೆಯಲ್ಲಿ ಚಿಕ್ಕಮ್ಮ ಅದಾಗಲೇ ಒಂದು ಪುಟ್ಟ ಪಾತ್ರೆ ಬೇರೆ ಇಟ್ಟಿದ್ದಳು: ನೀರು, ಮೆತ್ತನೆಯ ತುಂಡುಗಳು, ಇನ್ನೇನೂ ಇಲ್ಲ. ಅವಳು ಅದನ್ನು ಆರಿಸಿ ತಂದು, ಒಂದೊಂದನ್ನೂ ಬೆರಳಲ್ಲಿ ಒತ್ತಿ ನೋಡಿ, ಚೂರು ಚೂರು ಮಾಡಿ ಬಟ್ಟಲಿಗೆ ಹಾಕಿದಳು. ರುದ್ರಯ್ಯ ಬಟ್ಟಲನ್ನು ಇಳಿಸಿ ನೆಲದ ಮೇಲಿಟ್ಟರು. ಭೃಂಗಿ ಗೋಡೆಯ ಈ ಬದಿಯಲ್ಲಿ, ತನ್ನ ಮನೆಯ ಅಂಗಳದಲ್ಲೇ, ರುದ್ರಯ್ಯನವರ ಕಾಲ ಬಳಿಯಲ್ಲೇ ನಿಂತು ಉಂಡಿತು. ಅವರು ಮುಖ ಅತ್ತ ತಿರುಗಿಸಿಕೊಂಡಿದ್ದರು, ಆದರೆ ಜಾಗ ಬಿಟ್ಟು ಕದಲಲಿಲ್ಲ.

ಆ ಹೊತ್ತಿಗೆ ಕರ್ಪೂರಕ್ಕೆಂದು ಬಂದ ಗಿರಾಕಿಯೊಬ್ಬ ಹಿಂದಿನ ಅಂಗಳಕ್ಕೆ ಇಣುಕಿ, ಬಟ್ಟಲನ್ನೂ ನಾಯಿಯನ್ನೂ ನೋಡಿ, ನಗು ತಡೆಯಲಾರದೆ ಕೇಳಿದ: "ಏನ್ ರುದ್ರಣ್ಣ, ಎಲ್ಲೋಯ್ತು ಸಂಸ್ಕಾರ?"

ರುದ್ರಯ್ಯ ಬೆನ್ನು ನೆಟ್ಟಗೆ ಮಾಡಿದರು. ವರ್ಷವಿಡೀ ತಗ್ಗಿದ್ದ ದನಿ ಮತ್ತೆ ಮೇಲೇರಿತು.

"ಎಲ್ಲೂ ಹೋಗಿಲ್ಲ," ಎಂದರು. "ನಮ್ಮ ಭೃಂಗಿ ಈರುಳ್ಳಿ ಬೆಳ್ಳುಳ್ಳಿ ಮುಟ್ಟಲ್ಲ, ತಿಳ್ಕೊ!"